ಗಡಿನಾಡಿನ ಗರಡಿಗಳಲ್ಲಿ ಹುಡುಗರ ಕುಸ್ತಿಯೂ ಹೆತ್ತವರ ನಿರೀಕ್ಷೆಯೂ: ಒಂದು ಚಾರಿತ್ರಿಕ ನೋಟ

ಕುಸ್ತಿಯನ್ನು ಕುರಿತ ಎರಡು ಗಾದೆಗಳು ಕನ್ನಡದಲ್ಲಿ ಇಂದಿಗೂ ಬಳಕೆಯಲ್ಲಿವೆ. ‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬುದು ಒಂದು; ‘ಜಟ್ಟಿ ಜಾರಿಬಿದ್ದರೆ ಅದೂ ಒಂದು ಪಟ್ಟು’ ಎಂಬುದು ಇನ್ನೊಂದು. ಸೋಲನ್ನು ಒಪ್ಪಿಕೊಳ್ಳಲಾರದ ಮನಸ್ಸನ್ನು ಎರಡೂ ಲೇವಡಿ ಮಾಡುತ್ತವೆ. ಆದರೆ ಈ ಗಾದೆಗಳ ಜಟ್ಟಿ ಪ್ರಾಯಕ್ಕೆ ಬಂದ ಗಂಡಸು. ಅವನ ಮೀಸೆ ಅವನದೇ. ಹದಿಮೂರು ಹದಿನಾಲ್ಕರ ಹುಡುಗ ಕಣಕ್ಕೆ ಇಳಿದಾಗ ಅವನಿಗೆ ಮೀಸೆ ಇನ್ನೂ ಮೂಡಿರುವುದಿಲ್ಲ. ಅವನು ಬಿದ್ದರೆ ಮಣ್ಣಾಗುವುದು ಯಾರ ಮೀಸೆ?

ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ಇದ್ದವು. ಒಂದು ಕಾಲಕ್ಕೆ ಅದು ಅರಸನ ಮೀಸೆ, ಇನ್ನೊಂದು ಕಾಲಕ್ಕೆ ಊರಿನ ಮೀಸೆ. ಇಂದು ಬಹುಮಟ್ಟಿಗೆ ತಂದೆಯ ಮೀಸೆ. ಹದಿಹರೆಯದ ಮಲ್ಲರ ಮೇಲೆ ಹೆತ್ತವರು ಹೊರಿಸುವ ನಿರೀಕ್ಷೆಯನ್ನು ಸಾಮಾನ್ಯವಾಗಿ ಆಯಾ ತಂದೆಯ ಸ್ವಭಾವದ ಮಾತಾಗಿ, ಹೆಚ್ಚೆಂದರೆ ಮನಶ್ಶಾಸ್ತ್ರದ ವಿಷಯವಾಗಿ ನೋಡಲಾಗುತ್ತದೆ. ಕೊಲ್ಹಾಪುರದಿಂದ ಜತ್ತ, ಸೊಲ್ಲಾಪುರ, ಅಕ್ಕಲಕೋಟೆಗಳವರೆಗೆ ಹಬ್ಬಿರುವ ಗಡಿಪ್ರದೇಶದ ಕುಸ್ತಿಯ ಚರಿತ್ರೆ ಬೇರೊಂದು ವಿವರಣೆಯನ್ನು ಮುಂದಿಡುತ್ತದೆ. ಮಲ್ಲನ ಊಟದ ಖರ್ಚನ್ನು ಯಾರು ಹೊರುತ್ತಾರೋ ಅವರೇ ಅವನ ಗೆಲುವಿನ ಮೇಲೆ ಹಕ್ಕು ಸಾಧಿಸುತ್ತಾರೆ. ಆ ಖರ್ಚು ಅರಮನೆಯಿಂದ ಊರಿಗೆ, ಊರಿನಿಂದ ಮನೆಗೆ ಇಳಿದುಬಂದ ಬಗೆಯೇ ಹೆತ್ತವರ ನಿರೀಕ್ಷೆಯ ಚರಿತ್ರೆಯೂ ಆಗಿದೆ.

ಒಂದು ಕ್ರೀಡೆ, ಎರಡು ಭಾಷೆ

ಈ ಸೀಮೆಯ ಕುಸ್ತಿಯ ಶಬ್ದಸಂಪತ್ತನ್ನು ಗಮನಿಸಿದರೆ ಗಡಿರೇಖೆ ಎಷ್ಟು ಈಚಿನದು ಎಂಬುದು ತಿಳಿಯುತ್ತದೆ. ಹಳೆಯ ಮೈಸೂರಿನ ಕಡೆ ‘ಗರಡಿಮನೆ’ ಎನ್ನುವುದನ್ನು ಬೆಳಗಾವಿ, ವಿಜಯಪುರ, ಜತ್ತ, ಅಕ್ಕಲಕೋಟೆಗಳ ಕನ್ನಡಿಗರು ‘ತಾಲೀಮು’ ಎಂದೂ ಕರೆಯುತ್ತಾರೆ. ಕಲಿಸುವವನು ವಸ್ತಾದ, ಕಲಿಯುವವನು ಪಟ್ಠೆ, ಹೆಸರು ಮಾಡಿದವನು ಪೈಲ್ವಾನ, ತಿನ್ನುವ ಪುಷ್ಟಿಯ ಆಹಾರ ಖುರಾಕು, ಗೆಲುವು ಚಿತ್, ಸಮಬಲ ಬರಾಬರಿ, ಸೋಲು ಗೆಲುವು ತೀರ್ಮಾನವಾಗುವವರೆಗೂ ನಡೆಯುವ ಪಂದ್ಯ ನಿಕಾಲಿ ಕುಸ್ತಿ. ಹಿಂದುಸ್ತಾನಿ, ಮರಾಠಿಗಳ ಮೂಲಕ ಬಂದ ಈ ಮಾತುಗಳ ಜೊತೆಗೆ ಜಟ್ಟಿ, ಮಲ್ಲ, ಹುರಿಯಾಳು, ಪಟ್ಟು, ಕಣ, ಸಾಮು, ಸಂಗ್ರಾಣಿ ಕಲ್ಲು ಮೊದಲಾದ ಮಾತುಗಳೂ ಕೂಡಿಕೊಂಡಿವೆ. ಮರಾಠಿ ಮಾತನಾಡುವ ಮಲ್ಲನೂ ಕನ್ನಡ ಮಾತನಾಡುವ ಮಲ್ಲನೂ ಒಂದೇ ಕೆಂಪು ಮಣ್ಣಿನಲ್ಲಿ ಒಂದೇ ಹನುಮಂತನಿಗೆ ಕೈಮುಗಿದು ಸೆಣಸಿದ್ದರಿಂದ ಶಬ್ದಗಳು ಎರಡೂ ಕಡೆಗೆ ಹರಿದವು.

ಈ ಸೀಮೆಗೆ ಕುಸ್ತಿಯ ಹಳೆಯ ಪರಂಪರೆಯೂ ಉಂಟು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಪ್ರಕರಣವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳಿಗೆ ತಕ್ಕಂತೆ ವಿಂಗಡಿಸುವುದು, ಭಾರ ಎತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ಈಜಿನ ಸಲಿಲಶ್ರಮ, ಕಂಬದ ಮೇಲಿನ ಸ್ತಂಭಶ್ರಮ ಮೊದಲಾದ ವ್ಯಾಯಾಮಗಳು, ಮಲ್ಲರಿಗೆ ಕೊಡಬೇಕಾದ ಆಹಾರ ಇವೆಲ್ಲ ಅಲ್ಲಿ ನಿರೂಪಿತವಾಗಿವೆ. ಕಾಳು, ಮಾಂಸ, ಹಾಲು, ಸಕ್ಕರೆ ಮುಂತಾದವನ್ನು ಒದಗಿಸುವ ಹೊಣೆಯನ್ನು ಆ ಗ್ರಂಥ ಅರಸನಿಗೆ ವಹಿಸುತ್ತದೆ. ಪ್ರಸ್ತುತ ವಿಷಯಕ್ಕೆ ಮುಖ್ಯವಾದ ಅಂಶ ಇದೇ. ಮಲ್ಲನ ದೇಹ ರಾಜವೆಚ್ಚದಿಂದ ಬೆಳೆದದ್ದು. ಅದರ ಪ್ರದರ್ಶನವೂ ರಾಜವಿನೋದಕ್ಕಾಗಿಯೇ. ಈ ಏರ್ಪಾಟಿನ ಲೆಕ್ಕದಲ್ಲಿ ಮಲ್ಲನ ಹೆತ್ತವರಿಗೆ ಸ್ಥಾನವಿಲ್ಲ.

ಹುಟ್ಟಿನಿಂದ ಬಂದ ಹೊಣೆ

ಹೆತ್ತವರ ನಿರೀಕ್ಷೆ ಆಗ ಇರಲಿಲ್ಲವೆಂದು ಇದರ ಅರ್ಥವಲ್ಲ. ಅದು ಬೇರೆ ರೂಪದಲ್ಲಿ, ಕುಲವೃತ್ತಿಯ ರೂಪದಲ್ಲಿ ಇತ್ತು. ಮೈಸೂರು ಅರಮನೆಯ ದಸರೆಯಲ್ಲಿ ವಜ್ರಮುಷ್ಟಿ ಕಾಳಗ ನಡೆಸುವ ಜಟ್ಟಿ ಮನೆತನಗಳು ಇದಕ್ಕೆ ಸ್ಪಷ್ಟ ನಿದರ್ಶನ. ಜಟ್ಟಿಯ ಮಗ ಜಟ್ಟಿಯಾಗುವುದು ತಂದೆಯ ಆಸೆಯಿಂದಲ್ಲ, ವಂಶದ ಕಟ್ಟಳೆಯಿಂದ. ತಲೆ ಬೋಳಿಸಿ, ಬೆರಳುಗಳಿಗೆ ವಜ್ರನಖ ತೊಟ್ಟು ಕಣಕ್ಕಿಳಿಯುವ ಆ ಕಾಳಗ ಮೊದಲ ರಕ್ತ ಕಾಣಿಸಿದೊಡನೆ ಮುಗಿಯುತ್ತದೆ. ಸೇವೆ ಸಲ್ಲಿಸಿದ್ದಕ್ಕೆ ಅರಮನೆಯ ಮನ್ನಣೆ ದೊರೆಯುವುದರಿಂದ ಅಲ್ಲಿ ಗೆಲುವಿಗಿಂತ ಪಾಲ್ಗೊಳ್ಳುವಿಕೆಯೇ ಮುಖ್ಯ. ಕುಲಕ್ಕೆ ಸೇರಿದ ಹೊಣೆಯಲ್ಲಿ ಆಯ್ಕೆಗೆ ಎಡೆಯಿಲ್ಲ ಎಂಬುದು ನಿಜ. ಆದರೆ ಸೋತ ಹುಡುಗ ಮನೆಗೆ ನಷ್ಟ ತಂದವನೆನಿಸುವುದಿಲ್ಲ ಎಂಬುದೂ ಅಷ್ಟೇ ನಿಜ.

ಇದೇ ಬಗೆಯ ಇನ್ನೊಂದು ನಿದರ್ಶನವನ್ನು ಉತ್ತರದ ಕುಸ್ತಿಯ ವೃತ್ತಾಂತಗಳಲ್ಲಿ ಕಾಣಬಹುದು. 1878ರಲ್ಲಿ ಹುಟ್ಟಿದ ಗಾಮಾ ಪೈಲ್ವಾನನ ತಂದೆ ಅಜೀಜ್ ಬಕ್ಷ್ ಮಲ್ಲನಾಗಿದ್ದು, ಮಗ ಇನ್ನೂ ಎಳೆಯನಿದ್ದಾಗಲೇ ತೀರಿಕೊಂಡ. ಮುಂದೆ ಹುಡುಗ ಬೆಳೆದದ್ದು ತಾಯಿಯ ಕಡೆಯ ಮಲ್ಲರ ಆಶ್ರಯದಲ್ಲಿ. 1888ರಲ್ಲಿ, ಹತ್ತರ ಪ್ರಾಯದಲ್ಲಿ, ಜೋಧಪುರದ ಬೈಠಕ್ ಪಂದ್ಯದಲ್ಲಿ ನೂರಾರು ಮಲ್ಲರ ನಡುವೆ ಕೊನೆಯ ಹದಿನೈದು ಮಂದಿಯಲ್ಲಿ ಅವನು ಉಳಿದನೆಂದೂ, ಪ್ರಾಯವನ್ನು ಗಮನಿಸಿ ಮಹಾರಾಜನು ಅವನನ್ನೇ ವಿಜೇತನೆಂದು ಸಾರಿದನೆಂದೂ ಪ್ರಸಿದ್ಧಿ ಇದೆ. ಆಮೇಲೆ ಅವನನ್ನು ಸಾಕಿದ್ದು ದತಿಯಾ ಸಂಸ್ಥಾನ. ತೀರಿಹೋದ ತಂದೆಯ ಹಂಬಲ ಹುಡುಗನನ್ನು ಕಣಕ್ಕೆ ತಂದಿತು. ಆದರೆ ಅವನ ಹಾಲು ಬಾದಾಮಿಗಳ ಹೊಣೆ ಹೊತ್ತದ್ದು ಅರಸು. ಹಂಬಲ ಒಂದು ಕಡೆ, ವೆಚ್ಚ ಇನ್ನೊಂದು ಕಡೆ ಇದ್ದದ್ದರಿಂದ ಹುಡುಗನಿಗೆ ಒಂದಿಷ್ಟು ಉಸಿರಾಡುವ ಎಡೆ ಇತ್ತು.

ಕೊಲ್ಹಾಪುರದ ನೆರಳು

ಗಡಿನಾಡಿನ ಆಧುನಿಕ ಕುಸ್ತಿ ಕೊಲ್ಹಾಪುರದ ಛತ್ರಪತಿ ಶಾಹೂ ಮಹಾರಾಜರ ಆಳ್ವಿಕೆಯಲ್ಲಿ, ಅಂದರೆ 1894ರಿಂದ 1922ರ ಅವಧಿಯಲ್ಲಿ ರೂಪುಗೊಂಡಿತು. ಸ್ವತಃ ಸಾಮು ಮಾಡಿದ್ದ ಶಾಹೂ 1902ರ ಯುರೋಪ್ ಪ್ರವಾಸದಲ್ಲಿ ರೋಮಿನ ಹಳೆಯ ರಂಗಭೂಮಿಯನ್ನು ಕಂಡುಬಂದರು. ಖಾಸಬಾಗದ ಕುಸ್ತಿ ಮೈದಾನಕ್ಕೆ ಅದೇ ಪ್ರೇರಣೆಯಾಯಿತು. 1912ರಲ್ಲಿ ಆ ಮೈದಾನ ಬಳಕೆಗೆ ಬಂತು. ಪಂಜಾಬಿನ ಮಲ್ಲರು ಅಲ್ಲಿಗೆ ಬಂದರು. ಗಂಗಾವೇಶ, ಮೋತಿಬಾಗ, ಶಾಹೂಪುರಿ ತಾಲೀಮುಗಳ ಹೆಸರು ಹಳ್ಳಿಹಳ್ಳಿಗೆ ಮುಟ್ಟಿತು. ಇಂದು ಬೆಳಗಾವಿ ಜಿಲ್ಲೆಯಲ್ಲಿರುವ ರಾಯಬಾಗ ಅಂದು ಕೊಲ್ಹಾಪುರ ಸಂಸ್ಥಾನದ ಭಾಗವಾಗಿತ್ತು. ಸುತ್ತಲೂ ಸಾಂಗಲಿ, ಮಿರಜ, ಜತ್ತ, ಅಕ್ಕಲಕೋಟೆ, ಮುಧೋಳ, ಜಮಖಂಡಿಗಳಂತಹ ಚಿಕ್ಕ ಸಂಸ್ಥಾನಗಳು. ಹೀಗೆ ಕನ್ನಡದ ಹಳ್ಳಿಗಳಿಗೂ ಮರಾಠಿಯ ಅರಮನೆಗಳಿಗೂ ನಡುವೆ ಕುಸ್ತಿಯ ಒಂದು ದಾರಿ ಬಿದ್ದಿತು.

ಆ ದಾರಿಯಲ್ಲಿ ನಡೆದವರಲ್ಲಿ ಶ್ರೀಪತಿ ಖಂಚನಾಳೆ ಪ್ರಮುಖರು. 1934ರಲ್ಲಿ ಚಿಕ್ಕೋಡಿ ಸೀಮೆಯ ಯಕ್ಸಂಬಾದಲ್ಲಿ ಹುಟ್ಟಿದ ಅವರು ಕೊಲ್ಹಾಪುರದಲ್ಲಿ ಬೆಳೆದು, 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಬಂತಾ ಸಿಂಗರನ್ನು ಸೋಲಿಸಿ ‘ಹಿಂದ್ ಕೇಸರಿ’ ಎನಿಸಿದರು. ಅದಕ್ಕೆ ಮೂರು ವರ್ಷ ಮೊದಲು, 1956ರ ನವೆಂಬರ್ 1ರಂದು, ಅವರ ಹುಟ್ಟೂರು ಮೈಸೂರು ರಾಜ್ಯಕ್ಕೆ ಸೇರಿತ್ತು. ಅವರ ಕರ್ಮಭೂಮಿ ಮುಂಬಯಿ ರಾಜ್ಯದಲ್ಲಿ ಉಳಿದಿತ್ತು. ಇಂಥ ಮಲ್ಲರು ಕರ್ನಾಟಕದವರೋ ಮಹಾರಾಷ್ಟ್ರದವರೋ ಎಂದು ಕೇಳುವುದು ಕುಸ್ತಿಯ ಭೂಗೋಳವನ್ನು ಆಡಳಿತದ ನಕ್ಷೆಯಿಂದ ಅಳೆದಂತೆ.

ಎರಡು ಒಲಿಂಪಿಕ್ಸ್‌ಗಳ ನಡುವೆ

ಆಶ್ರಯ ಕೈತಪ್ಪಿದ ಗಳಿಗೆಯನ್ನು ಗುರುತಿಸಲು ಖಾಶಾಬಾ ಜಾಧವರ ಬದುಕಿಗಿಂತ ಸ್ಪಷ್ಟವಾದ ಸಾಕ್ಷ್ಯ ಸಿಗದು. 1926ರಲ್ಲಿ ಕರಾಡದ ಹತ್ತಿರದ ಗೋಳೇಶ್ವರದಲ್ಲಿ ಹುಟ್ಟಿದ ಅವರಿಗೆ ಕುಸ್ತಿಯ ಮೊದಲ ಪಾಠ ಹೇಳಿದ್ದು ತಂದೆ ದಾದಾಸಾಹೇಬರೇ. ಆಗ ಹುಡುಗನಿಗೆ ಐದು ವರ್ಷ. ಮುಂದೆ ಕೊಲ್ಹಾಪುರದ ರಾಜಾರಾಂ ಕಾಲೇಜಿಗೆ ಬಂದ ಜಾಧವರು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆರನೆಯ ಸ್ಥಾನ ಪಡೆದರು. ಆ ಪಯಣದ ವೆಚ್ಚವನ್ನು ಕೊಲ್ಹಾಪುರದ ಮಹಾರಾಜರು ವಹಿಸಿದರು. 1949ರ ಮಾರ್ಚ್‌ನಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1952ರಲ್ಲಿ ಹೆಲ್ಸಿಂಕಿಗೆ ಹೊರಡುವ ಹೊತ್ತಿಗೆ ಹಣ ಕೊಡುವ ಅರಮನೆ ಇರಲಿಲ್ಲ. ಊರವರು ವಂತಿಗೆ ಎತ್ತಿದರು. ಕಾಲೇಜಿನ ಪ್ರಾಚಾರ್ಯರು ತಮ್ಮ ಮನೆಯನ್ನು ಒತ್ತೆಯಿಟ್ಟು 7,000 ರೂಪಾಯಿ ಒದಗಿಸಿದರು. ಅಲ್ಲಿಂದ ಜಾಧವರು ತಂದ ಕಂಚಿನ ಪದಕ ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ.

ನಾಲ್ಕೇ ವರ್ಷಗಳ ಅಂತರದಲ್ಲಿ ಖಜಾನೆಯ ಜಾಗಕ್ಕೆ ಒತ್ತೆಯಿಟ್ಟ ಮನೆ ಬಂದದ್ದು ಕೇವಲ ಒಬ್ಬ ಮಲ್ಲನ ಕಥೆಯಲ್ಲ. ದಖ್ಖನ್ನಿನ ಚಿಕ್ಕ ಸಂಸ್ಥಾನಗಳು 1948ರಲ್ಲಿಯೇ ವಿಲೀನವಾಗಿದ್ದವು. ಅರಸೊತ್ತಿಗೆ ಹೋದದ್ದಕ್ಕೆ ಅಳಬೇಕಾದ ಕಾರಣವಿಲ್ಲ. ಅದರ ಆಶ್ರಯ ಅರಸನ ಮರ್ಜಿಯನ್ನು ಅವಲಂಬಿಸಿತ್ತು, ಅದು ದೊರೆತದ್ದೂ ಕೆಲವರಿಗೆ ಮಾತ್ರ. ಆದರೆ ಅರಸು ಹೊತ್ತಿದ್ದ ಹೊರೆಯನ್ನು ಹೊಸ ಪ್ರಜಾರಾಜ್ಯ ಕೂಡಲೇ ಹೊರಲಿಲ್ಲ. ಆ ಹೊರೆ ಮೊದಲು ಊರಿನ ಮೇಲೆ, ಬಳಿಕ ಮನೆಯ ಮೇಲೆ ಬಿದ್ದಿತು.

ಜಾಧವರು 1955ರಲ್ಲಿ ಪೊಲೀಸ್ ಇಲಾಖೆಯಲ್ಲಿ ಸಬ್ ಇನ್‌ಸ್ಪೆಕ್ಟರಾಗಿ ಸೇರಿದರು. 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ದೊರೆತದ್ದು ಮರಣಾನಂತರ. ಕುಸ್ತಿಯಿಂದ ನೌಕರಿ ಸಿಗಬಹುದು ಎಂಬ ಭರವಸೆಗೂ ದೊಡ್ಡ ಪದಕವೂ ಮನೆಯನ್ನು ಉದ್ಧರಿಸಲಾರದು ಎಂಬ ಎಚ್ಚರಿಕೆಗೂ ಅವರ ಬದುಕು ಏಕಕಾಲಕ್ಕೆ ನಿದರ್ಶನವಾಗಿದೆ. ಗಡಿನಾಡಿನ ತಂದೆಯರು ಉಳಿಸಿಕೊಂಡದ್ದು ಬಹುತೇಕ ಮೊದಲನೆಯದನ್ನು.

ಜಾತ್ರೆಯ ಕಣ ಮತ್ತು ವಸ್ತಾದನ ಮಾತು

ಅರಮನೆಯ ಬಳಿಕ ಕುಸ್ತಿಯನ್ನು ಉಳಿಸಿದ್ದು ಜಾತ್ರೆ ಉರುಸುಗಳು. ಊರದೇವರ ಜಾತ್ರೆಯಲ್ಲಿ ತೇರು, ಪಲ್ಲಕ್ಕಿಗಳ ಬಳಿಕ ಕುಸ್ತಿಯ ದಿನ ಇರುವುದು ಈ ಸೀಮೆಯಲ್ಲಿ ಸಾಮಾನ್ಯ. ಅಲ್ಲಿ ಮೊದಲು ಕಣಕ್ಕಿಳಿಯುವವರು ಚಿಕ್ಕ ಹುಡುಗರು. ಅವರ ಕುಸ್ತಿ ತೆಂಗಿನಕಾಯಿಗೆ, ಬೆಂಡು ಬತ್ತಾಸಿಗೆ, ಕೆಲವೇ ರೂಪಾಯಿಗಳ ಇನಾಮಿಗೆ. ಹೊತ್ತು ಏರಿದಂತೆ ಮಲ್ಲರ ದರ್ಜೆಯೂ ಇನಾಮೂ ಏರುತ್ತವೆ. ಸಂಜೆಗೆ ಬೆಳ್ಳಿಯ ಕಡಗ ಅಥವಾ ಗದೆಯ ಒಂದನೆಯ ನಂಬರಿನ ಕುಸ್ತಿ. ತೆಂಗಿನಕಾಯಿಯಿಂದ ಬೆಳ್ಳಿಗದೆಯವರೆಗಿನ ಈ ಏಣಿಯಲ್ಲಿ ಹುಡುಗನ ಸೋಲಿಗೆ ಬೆಲೆ ಬಲು ಕಡಿಮೆ. ಸೋತವನ ಕೈಗೂ ಏನಾದರೂ ಹಾಕಿ ಬೆನ್ನು ತಟ್ಟಿ ಕಳಿಸುವುದು ವಾಡಿಕೆ.

ಈ ಕಣದಲ್ಲಿ ತೂಕದ ಯಂತ್ರವಾಗಲಿ ಜನನ ಪ್ರಮಾಣಪತ್ರವಾಗಲಿ ಇರಲಿಲ್ಲ. ಜೋಡಿ ಹಚ್ಚುವುದು ಹಿರಿಯರ ಕಣ್ಣಳತೆಯ ಕೆಲಸ. ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ, ಎತ್ತರ, ಭುಜ, ಕುತ್ತಿಗೆ ನೋಡಿ, ಅವರು ಎಷ್ಟು ದಿನದಿಂದ ಮಣ್ಣು ಮುಟ್ಟಿದ್ದಾರೆಂದು ವಿಚಾರಿಸಿ, ಜೋಡಿ ಸರಿಯೆಂದರೆ ಮಾತ್ರ ಕೈ ಕೂಡಿಸುತ್ತಿದ್ದರು. ಇಲ್ಲಿ ವಸ್ತಾದನ ಮಾತು ಕೊನೆಯದು. ‘ಈ ಜೋಡಿ ಬೇಡ’ ಎಂದು ಅವನು ಅಂದರೆ ತಂದೆ ಎಷ್ಟೇ ಉತ್ಸಾಹಿಯಾಗಿದ್ದರೂ ಹುಡುಗ ಹಿಂದೆ ಸರಿಯಬೇಕು. ಹಾಗೆ ಸರಿಯುವುದರಲ್ಲಿ ಅವಮಾನವೂ ಇರಲಿಲ್ಲ, ಏಕೆಂದರೆ ಸರಿದವನು ಹುಡುಗನಲ್ಲ, ಸರಿಸಿದವನು ವಸ್ತಾದ.

ವಸ್ತಾದನ ಈ ಅಧಿಕಾರವನ್ನು ಕುಸ್ತಿಯ ಅಧ್ಯಯನಗಳು ಬಹುಮಟ್ಟಿಗೆ ಗುರುಭಕ್ತಿಯ ಚೌಕಟ್ಟಿನಲ್ಲಿ ವಿವರಿಸಿವೆ. ಬನಾರಸದ ಅಖಾಡಗಳನ್ನು ಕುರಿತು ಜೋಸೆಫ್ ಆಲ್ಟರ್ 1992ರಲ್ಲಿ ಪ್ರಕಟಿಸಿದ ಗ್ರಂಥ ಮಲ್ಲವಿದ್ಯೆಯನ್ನು ಒಂದು ಜೀವನಕ್ರಮವಾಗಿ, ಹಾಲು ತುಪ್ಪ ಬ್ರಹ್ಮಚರ್ಯಗಳ ಶಿಸ್ತಾಗಿ ಕಾಣುತ್ತದೆ. ಗಡಿನಾಡಿನ ಸಂದರ್ಭದಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು. ವಸ್ತಾದ ತಂದೆಗೂ ಮಗನಿಗೂ ನಡುವೆ ನಿಂತ ಮೂರನೆಯವನು. ಅವನ ತಾಲೀಮಿನಲ್ಲಿ ಹತ್ತಾರು ಹುಡುಗರು ಇರುವುದರಿಂದ ಯಾವ ಒಬ್ಬನ ಸೋಲೂ ಅವನನ್ನು ಮುಳುಗಿಸುವುದಿಲ್ಲ. ಅದರಿಂದಲೇ ಹುಡುಗನ ದೇಹವನ್ನು ಅವನು ನಿರ್ವಿಕಾರವಾಗಿ ನೋಡಬಲ್ಲ. ಕಠೋರ ವಸ್ತಾದರು ಇದ್ದರು, ಹೊಡೆತ ಬಡಿತಗಳೂ ಇದ್ದವು, ತಾಲೀಮು ಸ್ವರ್ಗವಾಗಿರಲಿಲ್ಲ. ಆದರೂ ಒಬ್ಬನೇ ಮಗನ ಮೇಲೆ ಸರ್ವಸ್ವವನ್ನೂ ಪಣವಿಟ್ಟ ತಂದೆಗೆ ದಕ್ಕದ ಒಂದು ದೂರ ಅವನಿಗೆ ದಕ್ಕಿತ್ತು.

ಮನೆಯ ಲೆಕ್ಕ

ಊರಿನ ವಂತಿಗೆ ಇನಾಮಿಗೆ ಸಾಲುತ್ತದೆ. ವರ್ಷದ ಮುನ್ನೂರರವತ್ತೈದು ದಿನದ ಖುರಾಕಿಗೆ ಸಾಲುವುದಿಲ್ಲ. ಹಾಲು, ತುಪ್ಪ, ಬಾದಾಮಿಯ ಥಂಡಾಯಿ, ಮಾಂಸ ತಿನ್ನುವ ಮನೆಯವನಾದರೆ ಮೊಟ್ಟೆ ಮತ್ತು ಮಾಂಸ, ತಾಲೀಮಿನ ವಾಸ, ಪಂದ್ಯದಿಂದ ಪಂದ್ಯಕ್ಕೆ ಪಯಣ ಇವೆಲ್ಲ ಮನೆಯ ಗಳಿಕೆಯಿಂದಲೇ ಬರಬೇಕು. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳು ಮಳೆ ಕಡಿಮೆಯಿರುವ ಬರಪೀಡಿತ ಪ್ರದೇಶ. ಇಲ್ಲಿಯ ಒಣಬೇಸಾಯದ ಮನೆಗೆ ಒಬ್ಬ ಮಗನ ಖುರಾಕು ಚಿಕ್ಕ ಖರ್ಚಲ್ಲ. ಎಮ್ಮೆಯ ಹಾಲನ್ನು ಡೇರಿಗೆ ಹಾಕಬೇಕೋ ಮಗನಿಗೆ ಕುಡಿಸಬೇಕೋ ಎಂಬುದು ಅಂಥ ಮನೆಯಲ್ಲಿ ದಿನನಿತ್ಯದ ಆರ್ಥಿಕ ನಿರ್ಧಾರ. ಮಗನಿಗೆ ಕುಡಿಸಿದ ಹಾಲು ತಂಗಿಯ ತಟ್ಟೆಯಿಂದಲೂ ತಾಯಿಯ ಕೈಖರ್ಚಿನಿಂದಲೂ ಕಳೆದ ಹಾಲು.

ಇಲ್ಲಿಯೇ ನಿರೀಕ್ಷೆಯ ಸ್ವರೂಪ ಬದಲಾಗುತ್ತದೆ. ಅರಸ ಉಣಿಸಿದ್ದು ದತ್ತಿ. ತಂದೆ ಉಣಿಸಿದ್ದು ಋಣ. ಅರಸನ ಋಣವನ್ನು ಒಂದು ಒಳ್ಳೆಯ ಕುಸ್ತಿ ಆಡಿ ತೀರಿಸಬಹುದು. ಹೆತ್ತವರ ಋಣ ತೀರಬೇಕಾದರೆ ಗೆಲ್ಲಬೇಕು, ಗೆದ್ದು ನೌಕರಿ ಹಿಡಿಯಬೇಕು. ರೈಲ್ವೆ, ಸೈನ್ಯ, ಪೊಲೀಸ್ ಇಲಾಖೆಗಳು ಮಲ್ಲರನ್ನು ನೇಮಿಸಿಕೊಂಡದ್ದು, ಮಹಾರಾಷ್ಟ್ರ ಸರಕಾರ ನೌಕರಿಗಳಲ್ಲಿ ಕ್ರೀಡಾಪಟುಗಳಿಗೆ ಶೇ. 5 ಮೀಸಲಿಟ್ಟದ್ದು, ಶಾಲಾ ಪರೀಕ್ಷೆಗಳಲ್ಲಿ ಕ್ರೀಡೆಯ ಹೆಚ್ಚುವರಿ ಅಂಕ ಸಿಕ್ಕಿದ್ದು ಈ ಲೆಕ್ಕಕ್ಕೆ ಆಧಾರ ಒದಗಿಸಿದವು. ತಂದೆ ದುರಾಸೆಯವನಾಗಿರಬೇಕಿಲ್ಲ. ಹೊಲದಿಂದ ಬಾರದ ಭದ್ರತೆ ಮಗನ ಭುಜದಿಂದ ಬಂದೀತೆಂದು ಅವನು ಎಣಿಸುವುದು ಅವನ ಮಟ್ಟಿಗೆ ವಿವೇಕವೇ. ಆದರೆ ಆ ಎಣಿಕೆ ಹದಿನಾಲ್ಕರ ಹುಡುಗನ ಮೊಣಕಾಲಿನ ಮೇಲೆ, ಕೊರಳಿನ ಮೇಲೆ ನಿಂತಿರುತ್ತದೆ. ಒಂದು ಕೀಲು ಜಾರಿದರೆ ಮನೆಯ ಹಲವು ವರ್ಷಗಳ ಲೆಕ್ಕ ತಪ್ಪುತ್ತದೆ. ಅದು ಹುಡುಗನಿಗೂ ಗೊತ್ತಿರುತ್ತದೆ. ನೋವನ್ನು ಮುಚ್ಚಿಟ್ಟು ಕಣಕ್ಕಿಳಿಯುವ ಹುಡುಗನ ಧೈರ್ಯವನ್ನು ಹೊಗಳುವಾಗ ಆ ಧೈರ್ಯದೊಳಗಿನ ಸಾಲಗಾರನ ಭಯವನ್ನೂ ಕಾಣಬೇಕು.

ಕಾಗದ, ತಕ್ಕಡಿ, ಒಪ್ಪಿಗೆ

ಮಣ್ಣಿನಿಂದ ಮ್ಯಾಟಿಗೆ ಬಂದ ಕುಸ್ತಿ ಕಣ್ಣಳತೆಯ ಜಾಗಕ್ಕೆ ಕಾಗದವನ್ನೂ ತಕ್ಕಡಿಯನ್ನೂ ತಂದಿತು. ಭಾರತದ ಶಾಲಾ ಕ್ರೀಡಾಕೂಟಗಳಲ್ಲಿ 14, 17, 19 ವರ್ಷದೊಳಗಿನವರ ವಿಭಾಗಗಳಿವೆ. ಅಂತಾರಾಷ್ಟ್ರೀಯ ಕುಸ್ತಿ ಒಕ್ಕೂಟದ ನಿಯಮಗಳಲ್ಲಿ 15ರೊಳಗಿನ, 17ರೊಳಗಿನ, 20ರೊಳಗಿನ ವಿಭಾಗಗಳಿವೆ. ಹದಿಮೂರರ ಹುಡುಗ 14–15ರವರ ಜೊತೆ, ಹದಿನೈದರವನು 16–17ರವರ ಜೊತೆ ಆಡಬೇಕಾದರೆ ವೈದ್ಯಕೀಯ ಪ್ರಮಾಣಪತ್ರವೂ ಹೆತ್ತವರ ಒಪ್ಪಿಗೆಪತ್ರವೂ ಬೇಕು. ಇದು ಮಕ್ಕಳ ರಕ್ಷಣೆಗಾಗಿ ಮಾಡಿದ ನಿಯಮ. ಜೋಡಿ ಹಚ್ಚುವ ವಸ್ತಾದನ ಎಚ್ಚರವೇ ಇಲ್ಲಿ ಲಿಖಿತ ರೂಪ ಪಡೆದಿದೆ ಎನ್ನಬಹುದು. ಆದರೆ ಒಂದು ವ್ಯತ್ಯಾಸವುಂಟು. ವಸ್ತಾದನಿಗೆ ಹುಡುಗನ ಸೋಲು ಗೆಲುವುಗಳಲ್ಲಿ ಪಾಲು ಕಡಿಮೆ. ಒಪ್ಪಿಗೆಪತ್ರಕ್ಕೆ ರುಜು ಹಾಕುವವರಿಗೆ ಪಾಲು ಪೂರ್ತಿ. ಖರ್ಚು ಮಾಡಿದವರೇ ಕಾವಲುಗಾರರೂ ಆದಾಗ ಕಾವಲು ಸಡಿಲವಾಗುವ ಸಂಭವ ಇದ್ದೇ ಇದೆ.

ವಯಸ್ಸಿನ ಕಾಗದದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ದೊಡ್ಡವನನ್ನು ಚಿಕ್ಕವನೆಂದು ತೋರಿಸಿ ಕೆಳಗಿನ ವಿಭಾಗದಲ್ಲಿ ಆಡಿಸುವ ಪರಿಪಾಠ ಭಾರತದ ಹಲವು ಕ್ರೀಡೆಗಳನ್ನು ಬಾಧಿಸಿದೆ. ಇದನ್ನು ತಡೆಯಲು ಕೇಂದ್ರ ಸರಕಾರ 2010ರಲ್ಲಿ ಒಂದು ಸಂಹಿತೆಯನ್ನೇ ತಂದಿತು. ಜನನ ಪ್ರಮಾಣಪತ್ರ ಹುಡುಗನ ಕೈಯಲ್ಲಿರುವ ಕಾಗದವಲ್ಲ. ಅದನ್ನು ತಿದ್ದಿಸಿದವರು ಯಾರೇ ಆಗಿರಲಿ, ಸಿಕ್ಕಿಬಿದ್ದಾಗ ಪಂದ್ಯದಿಂದ ಹೊರಬೀಳುವವನು ಹುಡುಗ. ಅವನ ಎದುರು ನಿಂತು ಸೋತ ನಿಜವಾದ ಚಿಕ್ಕ ಹುಡುಗನ ನಷ್ಟಕ್ಕಂತೂ ಪರಿಹಾರವೇ ಇಲ್ಲ.

ತಕ್ಕಡಿಯ ಕಥೆಯೂ ಇದೇ. ಪ್ಯಾರಿಸ್‌ನ 2024ರ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ 50 ಕಿಲೋ ವಿಭಾಗದ ಅಂತಿಮ ಪಂದ್ಯದ ಬೆಳಿಗ್ಗೆ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದಾಗ, ತೂಕ ಇಳಿಸುವ ಸಂಕಟ ಏನೆಂಬುದು ಸಾಮಾನ್ಯರಿಗೂ ತಿಳಿಯಿತು. ಪ್ರೌಢ ಮಲ್ಲರು ತಜ್ಞರ ನೆರವಿನಿಂದ ಮಾಡುವ ಈ ಕೆಲಸವನ್ನು ಹಳ್ಳಿಯ ಹುಡುಗ ಉಪವಾಸದಿಂದ, ನೀರು ಬಿಟ್ಟು, ಸ್ವೆಟರು ತೊಟ್ಟು ಓಡಿ ಮಾಡುತ್ತಾನೆ. ಹಳೆಯ ತಾಲೀಮಿನ ನಿರೀಕ್ಷೆ ‘ತಿಂದು ಬೆಳೆ’ ಎಂಬುದು. ಹೊಸ ಪಂದ್ಯದ ನಿರೀಕ್ಷೆ ‘ಬೆಳೆಯುವ ಪ್ರಾಯದಲ್ಲಿ ತಿನ್ನದೆ ತಡೆ’ ಎಂಬುದು. ಖುರಾಕಿಗೆ ಸಾಲ ಮಾಡಿದ ಮನೆಯೇ ಪಂದ್ಯದ ಹಿಂದಿನ ರಾತ್ರಿ ಹುಡುಗನಿಗೆ ಅನ್ನ ನೀರು ನಿಲ್ಲಿಸುವ ವಿಪರ್ಯಾಸ ಇದರಿಂದ ಹುಟ್ಟುತ್ತದೆ.

ಗಡಿ ಕೂಡಿಸುವ ಭಾರ

ಗಡಿನಾಡಿನ ಕನ್ನಡ ಮನೆಗೆ ಇದರ ಮೇಲೆ ಇನ್ನೊಂದು ಹೊರೆ ಇದೆ. ಅಥಣಿಯೂ ಜತ್ತವೂ ಅಕ್ಕಪಕ್ಕದ ತಾಲೂಕುಗಳು. ಅಕ್ಕಲಕೋಟೆಯ ನೆರೆಯಲ್ಲಿಯೇ ಆಳಂದ, ಅಫಜಲಪುರ, ಇಂಡಿಗಳಿವೆ. ಜಾತ್ರೆಯ ಕಣದಲ್ಲಿ ಈ ಊರುಗಳ ಹುಡುಗರು ಸಹಜವಾಗಿ ಜೋಡಿಯಾಗುತ್ತಾರೆ. ಆದರೆ ಅಧಿಕೃತ ಪಂದ್ಯಗಳ ಏಣಿ ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ರಾಜ್ಯಕ್ಕೆ ಏರುವುದರಿಂದ ಅಥಣಿಯ ಹುಡುಗ ಬೆಳಗಾವಿಯ ದಾರಿ ಹಿಡಿದರೆ ಜತ್ತದವನು ಸಾಂಗಲಿಯ ದಾರಿ ಹಿಡಿಯಬೇಕು. ಜತ್ತದ ಪೂರ್ವಭಾಗದ ಕನ್ನಡ ಶಾಲೆಯ ಹುಡುಗನಿಗೆ ಮೇಲೇರುವುದೆಂದರೆ ಕೊಲ್ಹಾಪುರ, ಸಾಂಗಲಿ, ಪುಣೆಗಳ ತಾಲೀಮು ಸೇರುವುದು. ಅಂದರೆ ಹನ್ನೆರಡು ಹದಿನಾಲ್ಕರ ಪ್ರಾಯದಲ್ಲಿ ಶಾಲೆಯ ಮಾಧ್ಯಮವನ್ನೂ ಬದಲಿಸುವುದು.

ತಾಲೀಮಿನ ಮರಾಠಿ ಅವನಿಗೆ ಅಪರಿಚಿತವಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ ಅವನು ಕೇಳಿ ಬೆಳೆದ ಭಾಷೆಯೇ. ಆದರೆ ಪಾಠಪುಸ್ತಕದ ಮರಾಠಿ ಬೇರೆ. ಮಾಧ್ಯಮ ಬದಲಿಸಿದ ಹುಡುಗ ಓದಿನಲ್ಲಿ ಹಿಂದೆ ಬಿದ್ದರೆ ಮರಳಿ ಕನ್ನಡ ಶಾಲೆಗೆ ಬರುವ ದಾರಿ ಸುಲಭವಲ್ಲ. ಹೀಗೆ ಕುಸ್ತಿ ಅವನ ಮುಂದಿರುವ ಹಲವು ದಾರಿಗಳಲ್ಲಿ ಒಂದಾಗಿ ಉಳಿಯದೆ ಏಕೈಕ ದಾರಿಯಾಗುತ್ತದೆ. ಬಹುಸಂಖ್ಯಾತ ಭಾಷೆಯ ಮನೆಯ ಹುಡುಗ ಸೋತರೆ ತನ್ನದೇ ಶಾಲೆಗೆ ಮರಳುತ್ತಾನೆ. ಅಲ್ಪಸಂಖ್ಯಾತ ಭಾಷೆಯ ಮನೆಯ ಹುಡುಗ ಸೋತರೆ ಮರಳುವ ಜಾಗವೇ ಕಿರಿದಾಗಿರುತ್ತದೆ. ಹೆತ್ತವರ ನಿರೀಕ್ಷೆ ಗಡಿಯಲ್ಲಿ ಹೆಚ್ಚು ಬಿಗಿಯಾಗುವುದಕ್ಕೆ ಇದು ಒಂದು ಕಾರಣ. ಕನ್ನಡ ಶಾಲೆಗಳ ಮಕ್ಕಳ ಸಂಖ್ಯೆಯ ಇಳಿತವನ್ನು ಚರ್ಚಿಸುವಾಗ ತಾಲೀಮಿನ ದಾರಿ ಹಿಡಿದು ಹೊರಟ ಈ ಹುಡುಗರನ್ನೂ ಗಮನಕ್ಕೆ ತಂದುಕೊಳ್ಳಬೇಕು.

ಹೆಣ್ಣುಮಕ್ಕಳು ಮತ್ತು ತಂದೆ ಎಂಬ ವಸ್ತಾದ

ಹಳೆಯ ತಾಲೀಮಿನ ಹೊಸ್ತಿಲನ್ನು ಹೆಣ್ಣುಮಕ್ಕಳು ದಾಟುವಂತಿರಲಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮಹಿಳಾ ಕುಸ್ತಿ ಸೇರ್ಪಡೆಯಾಯಿತು. 2016ರಲ್ಲಿ ರಿಯೋದಲ್ಲಿ ಸಾಕ್ಷಿ ಮಲಿಕ್ ಕಂಚು ಗೆದ್ದರು. 2023ರಲ್ಲಿ ಮೊದಲ ‘ಮಹಿಳಾ ಮಹಾರಾಷ್ಟ್ರ ಕೇಸರಿ’ ಪಂದ್ಯ ಸಾಂಗಲಿಯಲ್ಲಿ ನಡೆಯಿತು. ಎರಡು ದಶಕಗಳಲ್ಲಿ ನಡೆದ ಈ ಬದಲಾವಣೆಯಿಂದ ಗಡಿಸೀಮೆಯ ಹುಡುಗಿಯರಿಗೂ ಕಣ ತೆರೆಯಿತು. ಮಗಳನ್ನು ಕುಸ್ತಿಗೆ ಕಳಿಸುವ ತಂದೆ ಊರಿನ ಮಾತನ್ನು ಎದುರಿಸಬೇಕಾಗುತ್ತದೆ. ಆ ಧೈರ್ಯಕ್ಕೆ ಮನ್ನಣೆ ಸಲ್ಲಲೇಬೇಕು. ಆದರೆ ಊರನ್ನು ಎದುರು ಹಾಕಿಕೊಂಡವನಿಗೆ ಮಗಳ ಗೆಲುವು ತನ್ನ ವಾದದ ಗೆಲುವೂ ಆಗಿಬಿಡುತ್ತದೆ. ಮಗನ ಹೆಗಲ ಮೇಲಿರುವುದು ಮನೆಯ ಸಾಲವಾದರೆ ಮಗಳ ಹೆಗಲ ಮೇಲೆ ಅದರ ಜೊತೆಗೆ ತಂದೆಯ ಹಟವೂ ಇರುತ್ತದೆ.

ಹರಿಯಾಣದ ಮಹಾವೀರ ಸಿಂಗ್ ಫೋಗಟರ ಮಗಳು ಗೀತಾ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದೂ ಆ ಮನೆಯ ಕಥೆ 2016ರಲ್ಲಿ ‘ದಂಗಲ್’ ಚಿತ್ರವಾಗಿ ದೇಶದಾದ್ಯಂತ ಹಬ್ಬಿದ್ದೂ ಎಲ್ಲರಿಗೂ ತಿಳಿದ ಸಂಗತಿ. ಅಲ್ಲಿ ತಂದೆಯೇ ವಸ್ತಾದ. ಆ ಮನೆಯಲ್ಲಿ ಅದು ಫಲ ಕೊಟ್ಟಿತು. ಆದರೆ ಚಿತ್ರವನ್ನು ನೋಡಿದ ಸಾವಿರಾರು ಮನೆಗಳಲ್ಲಿ ಅದು ಮಾದರಿಯಾದಾಗ, ತಂದೆಗೂ ಮಗುವಿಗೂ ನಡುವೆ ನಿಲ್ಲುತ್ತಿದ್ದ ಮೂರನೆಯವನು ಇಲ್ಲವಾದ. ಗೆದ್ದ ಮನೆಯ ಕಥೆ ಚಿತ್ರವಾಗುತ್ತದೆ. ಅದೇ ದಾರಿಯಲ್ಲಿ ನಡೆದು ಸೋತ ಮನೆಗಳ ಕಥೆಯನ್ನು ಯಾರೂ ಹೇಳುವುದಿಲ್ಲ.

ವಹಿ ಯಾರದು?

2018ರಲ್ಲಿ ಆರಂಭವಾದ ಖೇಲೋ ಇಂಡಿಯಾ ಕ್ರೀಡಾಕೂಟಗಳ ಯೋಜನೆಯಲ್ಲಿ ಆಯ್ಕೆಯಾದ ಕ್ರೀಡಾಪಟುವಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಯಂತೆ 8 ವರ್ಷ ನೆರವು ನೀಡುವ ಏರ್ಪಾಟು ಆರಂಭದಲ್ಲಿ ಘೋಷಣೆಯಾಗಿತ್ತು. ಎರಡೂ ರಾಜ್ಯಗಳಲ್ಲಿ ಕ್ರೀಡಾ ವಸತಿ ನಿಲಯಗಳಿವೆ. ಅರಮನೆ ಕೈಬಿಟ್ಟ ಹೊಣೆಯನ್ನು ಪ್ರಜಾರಾಜ್ಯ ಕಡೆಗೂ ವಹಿಸಿಕೊಳ್ಳುತ್ತಿರುವುದಕ್ಕೆ ಇವು ಕುರುಹು. ಆದರೆ ಈ ನೆರವು ದೊರೆಯುವುದು ಹುಡುಗ ತನ್ನನ್ನು ಸಾಬೀತುಪಡಿಸಿದ ಮೇಲೆ. ಎಂಟರಿಂದ ಹದಿನಾಲ್ಕರವರೆಗಿನ ವರ್ಷಗಳ ಖುರಾಕು, ತಾಲೀಮು, ಗಾಯ ಇವುಗಳ ಲೆಕ್ಕ ಮನೆಯ ವಹಿಯಲ್ಲಿಯೇ ಇರುತ್ತದೆ. ಆಯ್ಕೆಯಾಗದ ಬಹುಸಂಖ್ಯೆಯ ಹುಡುಗರ ಲೆಕ್ಕವಂತೂ ಎಂದೂ ಆ ವಹಿಯಿಂದ ಹೊರಗೆ ಬರುವುದಿಲ್ಲ.

ಆದ್ದರಿಂದ ‘ಮಕ್ಕಳ ಮೇಲೆ ಒತ್ತಡ ಹೇರಬೇಡಿ’ ಎಂದು ಹೆತ್ತವರಿಗೆ ಉಪದೇಶಿಸುವುದು ಸುಲಭ, ಆದರೆ ಅರ್ಧಸತ್ಯ. ಒತ್ತಡ ಮನೆಯಲ್ಲಿ ಹುಟ್ಟಿದ್ದಲ್ಲ, ಮನೆಗೆ ವರ್ಗಾವಣೆಯಾದದ್ದು. ವಸತಿ ನಿಲಯ ಹುಡುಗನ ಆರಂಭದ ವರ್ಷಗಳಲ್ಲಿಯೇ ಖುರಾಕಿನ ಪಾಲು ಹೊತ್ತರೆ, ಗಡಿ ತಾಲೂಕುಗಳ ಕನ್ನಡ ಶಾಲೆಗಳಿಗೆ ಕುಸ್ತಿಯ ತರಬೇತಿ ಬಂದು ಹುಡುಗ ಮಾಧ್ಯಮ ಬದಲಿಸದೆ ಸಾಮು ಮಾಡುವಂತಾದರೆ, ತಕ್ಕಡಿ ಕಾಗದಗಳ ಪಕ್ಕದಲ್ಲಿ ತಂದೆಯ ಸಾಲಕ್ಕೂ ತರಬೇತುದಾರನ ಬಡ್ತಿಗೂ ಸಂಬಂಧವಿಲ್ಲದ ಒಬ್ಬ ಹಿರಿಯನಿಗೆ ‘ಈ ಜೋಡಿ ಬೇಡ’ ಎನ್ನುವ ಅಧಿಕಾರವಿದ್ದರೆ, ನಿರೀಕ್ಷೆ ಮತ್ತೆ ಹಂಬಲದ ಅಳತೆಗೆ ಇಳಿದೀತು. ಹಂಬಲ ಮಕ್ಕಳನ್ನು ಮುರಿಯುವುದಿಲ್ಲ. ಹಂಬಲ ಸಾಲವಾದಾಗ ಮುರಿಯುತ್ತದೆ.

ಜಾತ್ರೆಯ ಕಣದಲ್ಲಿ ಮೊದಲ ಕುಸ್ತಿ ಇಂದಿಗೂ ತೆಂಗಿನಕಾಯಿಗಾಗಿಯೇ ನಡೆಯುತ್ತದೆ. ಬಿದ್ದ ಹುಡುಗ ಮೈಮೇಲಿನ ಮಣ್ಣು ಕೊಡವಿಕೊಂಡು ಗೆಳೆಯರ ನಡುವೆ ಹೋಗಿ ಕೂರಬಲ್ಲ. ಬೀಳುವುದಕ್ಕೂ ಒಂದು ಪ್ರಾಯವಿದೆ, ಆ ಪ್ರಾಯದಲ್ಲಿ ಬಿದ್ದರೆ ಯಾರ ಮೀಸೆಯೂ ಮಣ್ಣಾಗಬೇಕಿಲ್ಲ ಎಂಬ ತಿಳಿವು ಆ ಪದ್ಧತಿಯಲ್ಲಿ ಅಡಗಿದೆ. ಪದಕಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿಲ್ಲ. ಗಡಿನಾಡಿನ ಕುಸ್ತಿಯ ಚರಿತ್ರೆಯಲ್ಲಿ ಇರಲೇಬೇಕು.